ಕರುಳಿಗೆ ಹಾಕಿದ್ದು ಶ್ವಾಸಕೋಶಕ್ಕೂ ಮುಟ್ಟಿತು

ಹುಟ್ಟಿ ಎರಡು-ನಾಲ್ಕು ದಿನವಾದ ಕೂಸಿನ ಬಾಯಿಗೆ ದಿನಕ್ಕೊಮ್ಮೆ ಚೂರು ಪುಡಿ, ಒಟ್ಟು ಏಳು ದಿನ. ಒಡಿಶಾದ 149 ಹಳ್ಳಿಗಳಲ್ಲಿ ನಡೆದದ್ದು ಇಷ್ಟೇ. 2017ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆ ಅದರ ಫಲಿತಾಂಶ ಪ್ರಕಟಿಸಿದಾಗ ಮಕ್ಕಳ ವೈದ್ಯರು ಹುಬ್ಬೇರಿಸಿದರು. ಹೊಟ್ಟೆ ಸರಿಯಿರಲೆಂದು ಕೊಡುವ ಬ್ಯಾಕ್ಟೀರಿಯಾ ರಕ್ತದ ನಂಜನ್ನು ತಡೆದಿತ್ತು, ಉಸಿರಾಟದ ಸೋಂಕನ್ನೂ ತಗ್ಗಿಸಿತ್ತು.

ಈ ಕಥೆ ಶುರುವಾಗುವುದು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ. 1899ರಲ್ಲಿ ಆನ್ರಿ ಟಿಸ್ಸಿಯೆ ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾ ಕಂಡರು. ಇಂದಿನ ಬೈಫಿಡೊಬ್ಯಾಕ್ಟೀರಿಯಂ ಅದೇ. ಅಲ್ಲಿಯೇ ಇದ್ದ ಇಲ್ಯಾ ಮೆಚ್ನಿಕಾಫ್, ಹುಳಿ ಹಾಲು ಕುಡಿದರೆ ಮುಪ್ಪು ತಡವಾಗಿ ಬರುತ್ತದೆ ಎಂದು ವಾದಿಸಿದರು. 1908ರ ನೊಬೆಲ್ ಅವರಿಗೆ ಸಿಕ್ಕಿದ್ದು ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ. ಜನ ಹಿಡಿದುಕೊಂಡದ್ದು ಮಾತ್ರ ಮೊಸರನ್ನು. (ಮೊಸರನ್ನವಿಲ್ಲದೆ ಊಟ ಮುಗಿಸದ ನಮಗೆ ಅದರಲ್ಲಿ ಹೊಸದೇನಿಲ್ಲ. ಮೆಚ್ನಿಕಾಫ್ ಅವರೂ 71ಕ್ಕೇ ತೀರಿಕೊಂಡರು.)

ಎದೆಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಸಕ್ಕರೆಗಳೂ ಇವೆ. ಜೀರ್ಣವಾಗದ್ದನ್ನು ತಾಯಿಯ ದೇಹ ಏಕೆ ತಯಾರಿಸಬೇಕು? ಅದು ಕೂಸಿಗಲ್ಲ, ಕೂಸಿನ ಕರುಳಿನ ಬ್ಯಾಕ್ಟೀರಿಯಾಗಳಿಗೆ ಇಟ್ಟ ಊಟ. ಒಳ್ಳೆಯ ಬ್ಯಾಕ್ಟೀರಿಯಾಗೆ ಹಾಕುವ ಇಂಥ ಮೇವಿಗೆ 1995ರಲ್ಲಿ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ ‘ಪ್ರಿಬಯಾಟಿಕ್’ ಎಂದು ಹೆಸರಿಟ್ಟರು. ಜೀವಂತ ಬ್ಯಾಕ್ಟೀರಿಯಾ ಪ್ರೊಬಯಾಟಿಕ್. ಎರಡನ್ನೂ ಬೆರೆಸಿದರೆ ಸಿನ್‌ಬಯಾಟಿಕ್.

ಒಡಿಶಾದ ಪುಡಿ ಇಂಥದ್ದೊಂದು ಬೆರಕೆ. ಅದರ ಹಿಂದಿದ್ದವರು ಮಕ್ಕಳ ತಜ್ಞ ಪಿನಾಕಿ ಪಾಣಿಗ್ರಾಹಿ ಮತ್ತು ಅವರ ತಂಡ. 280ಕ್ಕೂ ಹೆಚ್ಚು ತಳಿಗಳನ್ನು ಸೋಸಿ ಅವರು ಉಳಿಸಿಕೊಂಡದ್ದು ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದೇ ಒಂದು ತಳಿಯನ್ನು. ಬಾಯಿಗೆ ಹಾಕಿದ ಬ್ಯಾಕ್ಟೀರಿಯಾ ಕರುಳಿನಲ್ಲಿ ನಿಲ್ಲದೆ ಹೊರಟುಹೋಗುವುದೇ ಹೆಚ್ಚು. ಈ ತಳಿ ಏಳು ದಿನ ಕೊಟ್ಟರೆ ತಿಂಗಳುಗಟ್ಟಲೆ ನೆಲೆನಿಂತಿತು. ಅದು 2008ರಲ್ಲೇ ಪ್ರಕಟವಾಗಿದ್ದ ವಿಷಯ. ಪ್ರತಿ ಸಲ ಕೊಟ್ಟದ್ದು ಸುಮಾರು ನೂರು ಕೋಟಿ ಬ್ಯಾಕ್ಟೀರಿಯಾ, ಜೊತೆಗೆ ಅದರ ಮೇವಾಗಿ 150 ಮಿಲಿಗ್ರಾಂ ಫ್ರಕ್ಟೊ-ಆಲಿಗೊಸ್ಯಾಕರೈಡ್.

ಕರುಳಿನ ಪುಡಿಗೂ ರಕ್ತದ ನಂಜಿಗೂ ಏನು ಸಂಬಂಧ? ನವಜಾತ ಶಿಶುವಿನ ಕರುಳಿನ ಗೋಡೆ ಇನ್ನೂ ಎಳೆಯದು. ಕೇಡಿನ ಬ್ಯಾಕ್ಟೀರಿಯಾ ಅದರ ಸಂದಿಯಿಂದ ರಕ್ತಕ್ಕೆ ನುಸುಳಿದರೆ ಸೆಪ್ಸಿಸ್. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಒಳ್ಳೆಯ ತಳಿ ಮೊದಲೇ ಜಾಗ ಹಿಡಿಯುತ್ತದೆ, ಆಮ್ಲ ಸುರಿಸುತ್ತದೆ, ಗೋಡೆಯ ಜೀವಕೋಶಗಳ ನಡುವಿನ ಬೆಸುಗೆಯನ್ನು ಬಿಗಿ ಮಾಡುತ್ತದೆ. ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಲು ಕರುಳಿನ ಸುತ್ತಲೇ ಇದೆ. ಅಲ್ಲಿ ಪಳಗಿದವು ರಕ್ತದೊಡನೆ ಬೇರೆ ಅಂಗಗಳಿಗೂ ಹೋಗುತ್ತವೆ. ಶ್ವಾಸಕೋಶಕ್ಕೆ ಲಾಭ ಮುಟ್ಟಿದ್ದು ಈ ದಾರಿಯಲ್ಲೇ ಇರಬೇಕು.

ಒಡಿಶಾದ ಪರೀಕ್ಷೆಗೆ ಎಂಟು ಸಾವಿರಕ್ಕೂ ಮಿಕ್ಕಿ ಶಿಶುಗಳನ್ನು ಸೇರಿಸುವ ಯೋಜನೆಯಿತ್ತು. 4,556ಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ಫಲ ಅಷ್ಟು ಸ್ಪಷ್ಟವಾಗಿತ್ತು. ಎರಡು ತಿಂಗಳೊಳಗೆ ಸೆಪ್ಸಿಸ್ ಅಥವಾ ಸಾವು ಕಂಡದ್ದು ಹೋಲಿಕೆಗೆಂದು ಹುಸಿ ಪುಡಿ ಪಡೆದವರಲ್ಲಿ ಶೇ 9, ನಿಜವಾದ ಪುಡಿ ಪಡೆದವರಲ್ಲಿ ಶೇ 5.4. ಶ್ವಾಸಕೋಶದ ಸೋಂಕು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಒಂದು ಮಗುವಿನ ಪೂರ್ತಿ ಕೋರ್ಸಿನ ವೆಚ್ಚ ಆಗ ಸುಮಾರು ಒಂದು ಡಾಲರ್ ಆಗಿತ್ತು.

ಆದರೂ ಹಿಗ್ಗಿಗೆ ಮಿತಿಯಿರಲಿ. ಸಾವುಗಳು ಎರಡೂ ಗುಂಪಿನಲ್ಲಿ ಬೆರಳೆಣಿಕೆಯಷ್ಟೇ ಆಗಿದ್ದವು, ತಗ್ಗಿದ್ದು ಕಾಯಿಲೆ. ಪರೀಕ್ಷೆಗೆ ಆಯ್ದದ್ದು ಎರಡು ಕಿಲೋಗಿಂತ ಕಡಿಮೆ ತೂಗದ, ಎದೆಹಾಲು ಕುಡಿಯುತ್ತಿದ್ದ ಶಿಶುಗಳನ್ನು. ಇನ್ನೂ ಎಳೆಯ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಮಾತೇ ಬೇರೆ. ಅಂಥ ಒಂದು ಮಗು ಪ್ರೊಬಯಾಟಿಕ್‌ನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಸತ್ತ ಮೇಲೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು.

‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಬರೆದ ಪೊಟ್ಟಣಗಳು ಇಂದು ಮೆಡಿಕಲ್ ಶಾಪುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಒಡಿಶಾದಲ್ಲಿ ಗೆದ್ದದ್ದು ಒಂದು ತಳಿ, ಒಂದು ಪ್ರಮಾಣ, ಒಂದು ವಯಸ್ಸು. ಆ ಹೆಸರನ್ನು ಮಿಕ್ಕವು ಎರವಲು ಪಡೆಯುವಂತಿಲ್ಲ. ವೈದ್ಯರನ್ನು ಕೇಳದೆ ಹಸುಗೂಸಿಗೆ ಯಾವ ಪುಡಿಯನ್ನೂ ಹಾಕಬೇಡಿ. ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅದನ್ನು ಬಿಟ್ಟು, ತಾಯಿಯ ಮೊದಲ ಹಾಲನ್ನು ಚೆಲ್ಲದೆ ಕುಡಿಸಿ.