ಡಿಜಿಟಲ್ ಪ್ರಸಾರದಲ್ಲಿ ಚಿತ್ರ ಸಂಕೋಚನ ಮತ್ತು ಸಾಗಣೆ: ವೆಚ್ಚದ ಹೊರೆ ಯಾರ ಮೇಲೆ?

ಟೆಲಿವಿಷನ್ ವಾಹಿನಿಯೊಂದನ್ನು ನಡೆಸುವ ಸಂಸ್ಥೆಯ ಸ್ಥಿರ ವೆಚ್ಚಗಳಲ್ಲಿ ಉಪಗ್ರಹದ ಬಾಡಿಗೆ ಪ್ರಮುಖವಾದುದು. ಈ ಬಾಡಿಗೆಯು ಕಾರ್ಯಕ್ರಮಗಳ ಗುಣವನ್ನಾಗಲಿ, ವೀಕ್ಷಕರ ಸಂಖ್ಯೆಯನ್ನಾಗಲಿ ಅವಲಂಬಿಸಿರುವುದಿಲ್ಲ. ಉಪಗ್ರಹದ ಟ್ರಾನ್ಸ್‌ಪಾಂಡರ್‌ನಲ್ಲಿ ವಾಹಿನಿಯು ಎಷ್ಟು ಜಾಗವನ್ನು ಆಕ್ರಮಿಸುತ್ತದೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ. ಆದ್ದರಿಂದ ಅದೇ ಜಾಗದಲ್ಲಿ ಎಷ್ಟು ವಾಹಿನಿಗಳನ್ನು ಸಾಗಿಸಬಹುದು ಎಂಬ ಪ್ರಶ್ನೆ ತಂತ್ರಜ್ಞರಿಗೆ ಎಷ್ಟು ಮುಖ್ಯವೋ ವಾಹಿನಿಯ ಮಾಲೀಕರಿಗೆ, ಕೇಬಲ್ ನಿರ್ವಾಹಕರಿಗೆ ಮತ್ತು ಜಾಹೀರಾತುದಾರರಿಗೆ ಅಷ್ಟೇ ಮುಖ್ಯವಾದುದಾಗಿದೆ. ಈ ಪ್ರಶ್ನೆಗೆ ಉತ್ತರ ನೀಡುವ ತಂತ್ರವೇ ಚಿತ್ರ ಸಂಕೋಚನ.

ಸಂಕೋಚನದ ಅಗತ್ಯ

ಸ್ಟುಡಿಯೋದಲ್ಲಿ ಡಿಜಿಟಲ್ ಚಿತ್ರವನ್ನು ಅಳೆಯುವ ಬಗೆಯನ್ನು 1982ರ 601ನೆಯ ಅಂತರರಾಷ್ಟ್ರೀಯ ಶಿಫಾರಸು ನಿಗದಿಪಡಿಸಿತು. ಭಾರತದಲ್ಲಿ ಬಳಕೆಯಲ್ಲಿರುವ ಸಾಮಾನ್ಯ ದರ್ಜೆಯ ಚಿತ್ರದಲ್ಲಿ ಒಂದೊಂದು ಸಾಲಿಗೆ 720 ಚುಕ್ಕೆಗಳಂತೆ 576 ಸಾಲುಗಳಿದ್ದು, ಸೆಕೆಂಡಿಗೆ 25 ಚಿತ್ರಗಳು ಬರುತ್ತವೆ. ಒಂದು ಚುಕ್ಕೆಗೆ ಸರಾಸರಿ 16 ಬಿಟ್‌ಗಳೆಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್ ಆಗುತ್ತದೆ. 1920 ಚುಕ್ಕೆಗಳ 1080 ಸಾಲುಗಳಿರುವ ಹೈ ಡೆಫಿನಿಷನ್ ಚಿತ್ರಕ್ಕೆ ಇದೇ ಲೆಕ್ಕದಲ್ಲಿ ಸುಮಾರು 830 ಮೆಗಾಬಿಟ್ ಬೇಕು.

ಇನ್ನೊಂದು ಬದಿಯಲ್ಲಿ ದಾರಿಯ ಅಗಲವನ್ನು ನೋಡಬೇಕು. ಯುರೋಪಿನ ಡಿವಿಬಿ ಒಕ್ಕೂಟ 1990ರ ದಶಕದಲ್ಲಿ ರೂಪಿಸಿದ ಉಪಗ್ರಹ ಪ್ರಸಾರ ಪದ್ಧತಿಯಲ್ಲಿ, ವ್ಯಾಪಕವಾಗಿ ಬಳಕೆಗೆ ಬಂದ ಒಂದು ಹೊಂದಾಣಿಕೆಯಂತೆ ಟ್ರಾನ್ಸ್‌ಪಾಂಡರ್ ಒಂದು ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಸಾಗಿಸುತ್ತದೆ. ಅಂದರೆ ಇಡೀ ಟ್ರಾನ್ಸ್‌ಪಾಂಡರನ್ನು ಬಾಡಿಗೆಗೆ ಪಡೆದರೂ ಸಂಕೋಚನಗೊಳ್ಳದ ಒಂದು ವಾಹಿನಿಯ ಕಾಲು ಭಾಗವನ್ನೂ ಕಳುಹಿಸಲಾಗದು. ಅದೇ ವಾಹಿನಿಯನ್ನು ಎಂಪೆಗ್-2 ವಿಧಾನದಲ್ಲಿ ಸುಮಾರು 4 ಮೆಗಾಬಿಟ್‌ಗೆ ಇಳಿಸಿದಾಗ ಆ ಜಾಗದಲ್ಲಿ ಎಂಟು ಒಂಬತ್ತು ವಾಹಿನಿಗಳು ಹಿಡಿಸುತ್ತವೆ. ಎಂಪೆಗ್-4 ಎಂದು ರೂಢಿಯಲ್ಲಿ ಕರೆಯಲಾಗುವ ಎಚ್.264 ವಿಧಾನದಲ್ಲಿ ಅದರ ಸುಮಾರು ಇಮ್ಮಡಿ ಸಂಖ್ಯೆಯನ್ನು ಕೂಡಿಸಬಹುದು. ಬಾಡಿಗೆಯನ್ನು ಒಬ್ಬರೇ ಹೊರುವುದಕ್ಕೂ ಹದಿನೈದು ಮಂದಿ ಹಂಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಚಿತ್ರವನ್ನು ಕಿರಿದುಗೊಳಿಸುವ ಬಗೆ

ಸಂಕೋಚನವು ಮೂರು ಸಂಗತಿಗಳನ್ನು ಆಧರಿಸಿದೆ. ಮೊದಲನೆಯದು ಮನುಷ್ಯನ ಕಣ್ಣಿನ ಸ್ವಭಾವ. ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದು. ಆದ್ದರಿಂದ ಬಣ್ಣದ ವಿವರಗಳನ್ನು ಇನ್ನಷ್ಟು ವಿರಳವಾಗಿ ದಾಖಲಿಸಿದರೂ ನೋಡುಗನಿಗೆ ತಿಳಿಯುವುದಿಲ್ಲ. ಇದರಿಂದಲೇ ಸುಮಾರು ಕಾಲು ಭಾಗ ಉಳಿತಾಯವಾಗುತ್ತದೆ.

ಎರಡನೆಯದು ಒಂದೇ ಚಿತ್ರದೊಳಗಿನ ಪುನರಾವರ್ತನೆ. ನೀಲಿ ಆಕಾಶದಲ್ಲಿ ಅಕ್ಕಪಕ್ಕದ ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಎಂಪೆಗ್-2 ವಿಧಾನದಲ್ಲಿ ಚಿತ್ರವನ್ನು ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ 64 ಅಂಕಿಗಳನ್ನು ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ಕ್ರಿಯೆಗೆ ಒಳಪಡಿಸುತ್ತಾರೆ. ಆಗ ತುಂಡಿನ ಸಾರವೆಲ್ಲ ಕೆಲವೇ ಅಂಕಿಗಳಲ್ಲಿ ಒಟ್ಟುಗೂಡುತ್ತದೆ. ಉಳಿದವು ಸೊನ್ನೆಯ ಸಮೀಪಕ್ಕೆ ಬರುತ್ತವೆ. ಈ ಸಣ್ಣ ಅಂಕಿಗಳನ್ನು ಒರಟಾಗಿ ದುಂಡು ಮಾಡಿ ಕೈಬಿಡಲಾಗುತ್ತದೆ. ಎಷ್ಟು ಒರಟಾಗಿ ಎಂಬುದನ್ನು ಲಭ್ಯವಿರುವ ಬಿಟ್ ದರವೇ ನಿರ್ಧರಿಸುತ್ತದೆ. ದರ ತೀರ ಕಡಿಮೆಯಾದಾಗ ಪರದೆಯ ಮೇಲೆ ಚೌಕಚೌಕವಾದ ಕಲೆಗಳು ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಮೂರನೆಯದು ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ಇರುವ ಸಾಮ್ಯ. ಇದನ್ನು ಮಳಿಗೆಯ ದಾಸ್ತಾನು ಪುಸ್ತಕಕ್ಕೆ ಹೋಲಿಸಬಹುದು. ಎಣಿಕೆಯ ದಿನ ಇಡೀ ದಾಸ್ತಾನಿನ ಪಟ್ಟಿ ಮಾಡಲಾಗುತ್ತದೆ; ಅನಂತರ ದಿನದಿನವೂ ಬಂದ ಮತ್ತು ಹೋದ ಸರಕನ್ನಷ್ಟೇ ಬರೆಯಲಾಗುತ್ತದೆ. ಅದರಂತೆಯೇ ಹನ್ನೆರಡು ಅಥವಾ ಹದಿನೈದು ಚಿತ್ರಗಳಿಗೆ ಒಮ್ಮೆ ಪೂರ್ಣ ಚಿತ್ರವನ್ನು ಕಳುಹಿಸಿ, ನಡುವಿನ ಚಿತ್ರಗಳಲ್ಲಿ ಯಾವ ಭಾಗ ಎತ್ತ ಸರಿಯಿತು, ಏನು ಬದಲಾಯಿತು ಎಂಬುದನ್ನು ಮಾತ್ರ ಕಳುಹಿಸಲಾಗುತ್ತದೆ. ಉಳಿತಾಯದ ಬಹುಪಾಲು ಇಲ್ಲಿಂದಲೇ ಬರುತ್ತದೆ. ಆದರೆ ಒಂದು ದಿನದ ನಮೂದು ಕಳೆದುಹೋದರೆ ಮುಂದಿನ ಎಣಿಕೆಯವರೆಗೆ ಲೆಕ್ಕ ತಪ್ಪಾಗಿಯೇ ಉಳಿಯುವಂತೆ, ದಾರಿಯಲ್ಲಿ ಒಂದಿಷ್ಟು ಮಾಹಿತಿ ನಷ್ಟವಾದರೆ ಮುಂದಿನ ಪೂರ್ಣ ಚಿತ್ರ ಬರುವವರೆಗೆ ಪರದೆಯ ಮೇಲಿನ ದೋಷ ಮುಂದುವರಿಯುತ್ತದೆ. ವಾಹಿನಿ ಬದಲಿಸಿದಾಗ ಚಿತ್ರ ಮೂಡಲು ಕೆಲಕಾಲ ಹಿಡಿಯುವುದಕ್ಕೂ ಪೂರ್ಣ ಚಿತ್ರಕ್ಕಾಗಿ ಕಾಯಬೇಕಾಗಿರುವುದೇ ಒಂದು ಕಾರಣ.

ಬೆಂಗಳೂರಿನ ನಂಟು

ಮೇಲೆ ಹೇಳಿದ ಗಣಿತ ಕ್ರಿಯೆಯನ್ನು ರೂಪಿಸಿದವರಲ್ಲಿ ಮೊದಲಿಗರಾದ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ನಗರದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ತೆರಳಿದರು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ, ಈ ವಿಷಯದ ಸಂಶೋಧನೆಗೆ ಅವರು ಸಲ್ಲಿಸಿದ ಅನುದಾನದ ಕೋರಿಕೆಯನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಒಪ್ಪಲಿಲ್ಲ. ಆದರೂ ಕೆಲಸ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡಗೂಡಿ 1974ರ ಜನವರಿಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಇಂದಿನ ಡಿಜಿಟಲ್ ಛಾಯಾಚಿತ್ರ ಮತ್ತು ದೃಶ್ಯ ಪ್ರಸಾರದ ಬಹುಪಾಲು ವಿಧಾನಗಳಲ್ಲಿ ಈ ಕ್ರಿಯೆ ಅಥವಾ ಇದರಿಂದ ಹುಟ್ಟಿದ ರೂಪಗಳು ಬಳಕೆಯಲ್ಲಿವೆ.

ಸಾಗಣೆಯ ವ್ಯವಸ್ಥೆ

ಕಿರಿದುಗೊಂಡ ಚಿತ್ರವನ್ನು ಗ್ರಾಹಕನ ಮನೆಗೆ ತಲುಪಿಸುವ ವ್ಯವಸ್ಥೆಗೆ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂದು ಹೆಸರು. ಇದರಲ್ಲಿ ಎಲ್ಲ ಮಾಹಿತಿಯೂ 188 ಬೈಟ್‌ಗಳ ಒಂದೇ ಅಳತೆಯ ಪ್ಯಾಕೆಟ್‌ಗಳಾಗಿ ಸಾಗುತ್ತದೆ. ಪ್ರತಿ ಪ್ಯಾಕೆಟ್‌ನ ಮೊದಲ ನಾಲ್ಕು ಬೈಟ್‌ಗಳು ಸರಕಿನ ಮೇಲಿನ ಚೀಟಿಯಂತೆ ಕೆಲಸ ಮಾಡುತ್ತವೆ. ಪ್ಯಾಕೆಟ್ ಎಲ್ಲಿ ಆರಂಭವಾಗುತ್ತದೆ ಮತ್ತು ಅದು ಯಾವ ವಾಹಿನಿಯ ಚಿತ್ರಕ್ಕೆ ಅಥವಾ ಧ್ವನಿಗೆ ಸೇರಿದ್ದು ಎಂಬುದು ಅದರಲ್ಲಿರುತ್ತದೆ. ಹಲವು ವಾಹಿನಿಗಳ ಪ್ಯಾಕೆಟ್‌ಗಳು ಒಂದೇ ಸಾಲಿನಲ್ಲಿ ಬೆರೆತು ಬರುತ್ತವೆ. ಇವುಗಳ ನಡುವೆ ಆಗಾಗ ಬರುವ ಸೂಚಿಪಟ್ಟಿಯನ್ನು ಓದಿ, ಸೆಟ್ ಟಾಪ್ ಬಾಕ್ಸ್ ತನಗೆ ಬೇಕಾದ ಪ್ಯಾಕೆಟ್‌ಗಳನ್ನು ಮಾತ್ರ ಆರಿಸಿಕೊಳ್ಳುತ್ತದೆ. ಚಿತ್ರಕ್ಕೂ ಧ್ವನಿಗೂ ಹೊಂದಿಕೆ ತಪ್ಪದಂತೆ ಕೇಂದ್ರದ ಗಡಿಯಾರದ ಸಮಯವನ್ನು ಸೆಕೆಂಡಿಗೆ ಕನಿಷ್ಠ ಹತ್ತು ಬಾರಿಯಾದರೂ ಕಳುಹಿಸಲಾಗುತ್ತದೆ.

ದಾರಿಯಲ್ಲಿ ಆಗುವ ಹಾನಿಯನ್ನು ಸರಿಪಡಿಸಲು ಪ್ರತಿ ಪ್ಯಾಕೆಟ್‌ಗೆ 16 ಬೈಟ್‌ಗಳ ತಿದ್ದುಪಡಿ ಮಾಹಿತಿಯನ್ನು ಸೇರಿಸಿ 204 ಬೈಟ್ ಮಾಡಲಾಗುತ್ತದೆ. ಇದರಿಂದ ಒಂದು ಪ್ಯಾಕೆಟ್‌ನಲ್ಲಿ ಎಂಟು ಬೈಟ್‌ಗಳವರೆಗಿನ ದೋಷವನ್ನು ಬಾಕ್ಸ್ ತಾನೇ ತಿದ್ದಿಕೊಳ್ಳಬಲ್ಲದು. ಆ ಮಿತಿ ದಾಟಿದರೆ ಚಿತ್ರ ಒಮ್ಮೆಲೇ ಒಡೆದು ನಿಂತುಹೋಗುತ್ತದೆ. ಹಳೆಯ ಅನಲಾಗ್ ಪ್ರಸಾರದಲ್ಲಿ ಸಂಕೇತ ದುರ್ಬಲವಾದಂತೆ ಚಿತ್ರ ಕ್ರಮೇಣ ಮಸುಕಾಗುತ್ತಿತ್ತು. ಮಲೆನಾಡು ಮತ್ತು ಕರಾವಳಿಯ ಭಾರಿ ಮಳೆಯಲ್ಲಿ ಡಿಟಿಎಚ್ ಚಿತ್ರ ಹಠಾತ್ತನೆ ಮಾಯವಾಗುವುದಕ್ಕೆ ಇದೇ ಹಿನ್ನೆಲೆ.

ಇನ್ನೊಂದು ಮಿತವ್ಯಯದ ಕ್ರಮವೂ ಇದೆ. ಕ್ರಿಕೆಟ್ ಪಂದ್ಯಕ್ಕೆ ಹೆಚ್ಚು ಬಿಟ್‌ಗಳು ಬೇಕು. ಕುಳಿತು ವಾರ್ತೆ ಓದುವವರ ಚಿತ್ರಕ್ಕೆ ಕಡಿಮೆ ಸಾಕು. ಒಂದೇ ಟ್ರಾನ್ಸ್‌ಪಾಂಡರ್‌ನ ವಾಹಿನಿಗಳ ನಡುವೆ ಕ್ಷಣಕ್ಷಣಕ್ಕೂ ಅಗತ್ಯಕ್ಕೆ ತಕ್ಕಂತೆ ಬಿಟ್‌ಗಳನ್ನು ಹಂಚುವ ಈ ಕ್ರಮವನ್ನು ಸ್ಟ್ಯಾಟಿಸ್ಟಿಕಲ್ ಮಲ್ಟಿಪ್ಲೆಕ್ಸಿಂಗ್ ಎನ್ನುತ್ತಾರೆ. ಎಲ್ಲ ವಾಹಿನಿಗಳಿಗೂ ಏಕಕಾಲಕ್ಕೆ ಗರಿಷ್ಠ ಬೇಡಿಕೆ ಬರುವುದು ವಿರಳ ಎಂಬುದೇ ಇದರ ಆಧಾರ.

ನಿಯಮದ ಬಂಧನ ಬಾಕ್ಸ್‌ಗೆ ಮಾತ್ರ

ವ್ಯಾಪಾರದ ದೃಷ್ಟಿಯಿಂದ ಗಮನಿಸಲೇಬೇಕಾದ ಅಂಶವೊಂದಿದೆ. ಎಂಪೆಗ್ ಮಾನದಂಡಗಳು ಸಂಕೋಚನ ಹೇಗೆ ನಡೆಯಬೇಕು ಎಂಬುದನ್ನು ವಿಧಿಸುವುದಿಲ್ಲ. ಬಂದ ಬಿಟ್‌ಗಳನ್ನು ಡಿಕೋಡರ್ ಹೇಗೆ ಓದಬೇಕು ಎಂಬುದನ್ನು ಮಾತ್ರ ನಿಗದಿಪಡಿಸುತ್ತವೆ. ಆದ್ದರಿಂದ ಪ್ರಸಾರ ಕೇಂದ್ರದ ಎನ್‌ಕೋಡರ್ ತಯಾರಕರು ವರ್ಷದಿಂದ ವರ್ಷಕ್ಕೆ ಹೆಚ್ಚು ಜಾಣತನದ ಯಂತ್ರಗಳನ್ನು ತರಬಹುದು. ಮನೆಗಳಲ್ಲಿರುವ ಹಳೆಯ ಬಾಕ್ಸ್‌ಗಳು ಅವುಗಳ ಚಿತ್ರವನ್ನು ಯಾವ ಬದಲಾವಣೆಯೂ ಇಲ್ಲದೆ ತೋರಿಸುತ್ತವೆ. ಇಲ್ಲಿ ವೆಚ್ಚವಾಗುವುದು ಕೇಂದ್ರದ ಕೆಲವೇ ಯಂತ್ರಗಳಿಗೆ.

ಮಾನದಂಡವೇ ಬದಲಾದಾಗ ಪರಿಸ್ಥಿತಿ ಬೇರೆ. 2003ರಲ್ಲಿ ಎಚ್.264, 2013ರಲ್ಲಿ ಎಚ್.265 ಎಂಬ ಹೊಸ ಮಾನದಂಡಗಳು ಬಂದವು. ಎರಡರ ಗುರಿಯೂ ಹಿಂದಿನದರ ಅರ್ಧದಷ್ಟು ಬಿಟ್‌ಗಳಲ್ಲಿ ಅದೇ ಗುಣಮಟ್ಟವನ್ನು ಒದಗಿಸುವುದಾಗಿತ್ತು. ಆದರೆ ಹಳೆಯ ಬಾಕ್ಸ್‌ಗಳು ಇವನ್ನು ಓದಲಾರವು. ಟ್ರಾನ್ಸ್‌ಪಾಂಡರ್ ಬಾಡಿಗೆಯಲ್ಲಾಗುವ ಉಳಿತಾಯ ಪ್ರಸಾರಕರಿಗೆ ಸಲ್ಲುತ್ತದೆ. ಲಕ್ಷಾಂತರ ಮನೆಗಳ ಬಾಕ್ಸ್ ಬದಲಿಸುವ ವೆಚ್ಚ ಗ್ರಾಹಕನ ಮೇಲೋ ಸೇವಾದಾರನ ಮೇಲೋ ಬೀಳುತ್ತದೆ.

ಭಾರತದ ಅನುಭವ

2003ರಲ್ಲಿ ಆರಂಭವಾದ ಡಿಶ್ ಟಿವಿ ಮತ್ತು 2006ರಲ್ಲಿ ಬಂದ ಟಾಟಾ ಸ್ಕೈ ಎಂಪೆಗ್-2 ಬಾಕ್ಸ್‌ಗಳನ್ನು ವಿತರಿಸಿದವು. 2007ರಲ್ಲಿ ಆರಂಭವಾದ ಸನ್ ಡೈರೆಕ್ಟ್ ಮತ್ತು 2008ರಲ್ಲಿ ಬಂದ ಏರ್‌ಟೆಲ್ ಮೊದಲಿನಿಂದಲೇ ಎಂಪೆಗ್-4 ಅನ್ನು ಆರಿಸಿಕೊಂಡವು. ಮೊದಲು ಮಾರುಕಟ್ಟೆಗೆ ಬಂದವರಿಗೆ ಗ್ರಾಹಕರು ಬೇಗ ದೊರೆತರು. ಅನಂತರ ಬಂದವರಿಗೆ ಅಷ್ಟೇ ಟ್ರಾನ್ಸ್‌ಪಾಂಡರ್‌ನಲ್ಲಿ ಹೆಚ್ಚು ವಾಹಿನಿಗಳು ದೊರೆತವು.

ಈ ವಿಷಯದಲ್ಲಿ ಸ್ಪಷ್ಟ ನಿದರ್ಶನವೆಂದರೆ ಪ್ರಸಾರ ಭಾರತಿಯ ಉಚಿತ ಡಿಟಿಎಚ್ ಸೇವೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಆರಂಭವಾದ ಈ ಸೇವೆ ಮುಂದೆ ಡಿಡಿ ಫ್ರೀ ಡಿಶ್ ಆಯಿತು. ಇದರಲ್ಲಿ ಮಾಸಿಕ ಶುಲ್ಕವಿಲ್ಲ. ಬಾಕ್ಸನ್ನು ಗ್ರಾಹಕರು ಅಂಗಡಿಯಲ್ಲಿ ಒಮ್ಮೆ ಕೊಂಡುಕೊಳ್ಳುತ್ತಾರೆ. ಹೀಗಾಗಿ ಹಳೆಯ ಬಾಕ್ಸನ್ನು ಹಿಂಪಡೆದು ಹೊಸದನ್ನು ನೀಡುವ ಹೊಣೆ ಯಾರದೂ ಅಲ್ಲ. ಇಲ್ಲಿನ ಸ್ಥಾನಗಳನ್ನು ಖಾಸಗಿ ವಾಹಿನಿಗಳಿಗೆ ಹರಾಜು ಮಾಡಿದಾಗ, ಎಂಪೆಗ್-2 ಸ್ಥಾನಗಳು ಎಂಪೆಗ್-4 ಸ್ಥಾನಗಳಿಗಿಂತ ಬಹಳ ಹೆಚ್ಚಿನ ಬೆಲೆಗೆ ಹೋಗಿವೆ. ತಾಂತ್ರಿಕವಾಗಿ ಹಳೆಯದಾದ ವಿಧಾನಕ್ಕೆ ವಾಹಿನಿಗಳು ಹೆಚ್ಚು ಹಣ ತೆರುತ್ತಿರುವುದು ಅದು ಹಳೆಯ ಬಾಕ್ಸ್‌ಗಳಿರುವ ಮನೆಗಳನ್ನೂ ತಲುಪುತ್ತದೆ ಎಂಬ ಕಾರಣಕ್ಕೆ.

ಕೇಬಲ್ ಕ್ಷೇತ್ರದಲ್ಲಿ 2011ರ ತಿದ್ದುಪಡಿ ಕಾಯ್ದೆಯ ಅನ್ವಯ ನಾಲ್ಕು ಹಂತಗಳಲ್ಲಿ ಡಿಜಿಟಲೀಕರಣ ನಡೆಯಿತು. ಬೆಂಗಳೂರು ಮತ್ತು ಮೈಸೂರು ಎರಡನೆಯ ಹಂತದಲ್ಲಿದ್ದು, ಅದರ ಗಡುವು 2013ರ ಮಾರ್ಚ್ 31 ಆಗಿತ್ತು. ಅನಲಾಗ್ ಕಾಲದಲ್ಲಿ ಒಂದು ವಾಹಿನಿ ಆಕ್ರಮಿಸುತ್ತಿದ್ದ 8 ಮೆಗಾಹರ್ಟ್ಸ್ ಅಗಲದ ಜಾಗದಲ್ಲಿ ಡಿಜಿಟಲ್ ಕೇಬಲ್ ಪದ್ಧತಿಯು ಸುಮಾರು 38 ಮೆಗಾಬಿಟ್ ಸಾಗಿಸಬಲ್ಲದು. ಇದು ಮೇಲೆ ಹೇಳಿದ ಟ್ರಾನ್ಸ್‌ಪಾಂಡರ್‌ನ ಸಾಮರ್ಥ್ಯಕ್ಕೆ ಸಮ. ಸಣ್ಣ ನಿರ್ವಾಹಕರಿಗೆ ನೂರಾರು ವಾಹಿನಿಗಳನ್ನು ನೀಡುವ ಅವಕಾಶ ಇದರಿಂದ ಒದಗಿತಾದರೂ, ಅಂದು ಯಾವ ಬಾಕ್ಸ್ ಕೊಂಡರೋ ಆ ಆಯ್ಕೆಗೆ ಅವರು ಬಹುಕಾಲ ಬದ್ಧರಾಗಬೇಕಾಯಿತು.

ಒಪ್ಪಂದಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ವಾಹಿನಿಯ ಮಾಲೀಕರು ಉಪಗ್ರಹ ಅಥವಾ ಕೇಬಲ್ ಸೇವಾದಾರರೊಡನೆ ಒಪ್ಪಂದ ಮಾಡಿಕೊಳ್ಳುವಾಗ ಸರಾಸರಿ ಬಿಟ್ ದರದ ಜೊತೆಗೆ ಕನಿಷ್ಠ ದರವನ್ನೂ ನಮೂದಿಸುವುದು ಸೂಕ್ತ. ಹಂಚಿಕೆಯ ವ್ಯವಸ್ಥೆಯಲ್ಲಿ ಪಕ್ಕದ ವಾಹಿನಿಯ ಪಂದ್ಯ ತಮ್ಮ ಪಾಲನ್ನು ಕಬಳಿಸದಂತೆ ಇದು ರಕ್ಷಣೆ ನೀಡುತ್ತದೆ.

ಎರಡನೆಯದಾಗಿ, ಚಿತ್ರವು ಸ್ಟುಡಿಯೋದಿಂದ ಮನೆಯವರೆಗೆ ಎಷ್ಟು ಬಾರಿ ಬಿಡಿಸಿ ಮತ್ತೆ ಸಂಕೋಚನಗೊಳ್ಳುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ಪ್ರತಿ ಬಾರಿಯೂ ಒಂದಿಷ್ಟು ವಿವರ ನಷ್ಟವಾಗುತ್ತದೆ. ಕಳೆದುಹೋದುದನ್ನು ಮುಂದಿನ ಯಾವ ಯಂತ್ರವೂ ಮರಳಿ ತರಲಾರದು. ಜಾಹೀರಾತಿನ ಸಣ್ಣ ಅಕ್ಷರಗಳೂ ವೇಗದ ದೃಶ್ಯಗಳೂ ಮೊದಲು ಕೆಡುವುದರಿಂದ, ಜಾಹೀರಾತುದಾರರು ಸ್ಟುಡಿಯೋದ ಪರದೆಯನ್ನು ನಂಬದೆ ಗ್ರಾಹಕನ ಮನೆಯ ಪರದೆಯಲ್ಲಿ ಪರೀಕ್ಷಿಸುವುದು ಒಳಿತು.

ಮೂರನೆಯದಾಗಿ, ಬಾಕ್ಸ್‌ಗಳನ್ನು ಸಗಟಾಗಿ ಕೊಳ್ಳುವವರು ಇಂದಿನ ಬೆಲೆಯೊಂದನ್ನೇ ನೋಡದೆ, ಅವು ಯಾವ ಮಾನದಂಡಗಳನ್ನು ಓದಬಲ್ಲವು ಎಂಬುದನ್ನೂ ಪೇಟೆಂಟ್ ಶುಲ್ಕ ಬೆಲೆಯಲ್ಲಿ ಸೇರಿದೆಯೇ ಎಂಬುದನ್ನೂ ಲಿಖಿತವಾಗಿ ಪಡೆಯಬೇಕು. ಎಚ್.265ರ ಪೇಟೆಂಟ್‌ಗಳು ಒಂದಕ್ಕಿಂತ ಹೆಚ್ಚು ಗುಂಪುಗಳಲ್ಲಿ ಹಂಚಿಹೋಗಿದ್ದು ಅದರ ಪ್ರಸಾರ ನಿಧಾನವಾಗಲು ಒಂದು ಕಾರಣವಾಯಿತು.

ಕೇಂದ್ರದ ಎನ್‌ಕೋಡರನ್ನು ಒಬ್ಬ ಮಾಲೀಕ ಒಂದೇ ದಿನದಲ್ಲಿ ಬದಲಿಸಬಹುದು. ಬಾಕ್ಸ್ ಮಾತ್ರ ಮನೆಮನೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಈ ಕ್ಷೇತ್ರದಲ್ಲಿ ಹೂಡಿಕೆ ಮಾಡುವವರು ಉಳಿತಾಯದ ಅಂದಾಜನ್ನು ಪ್ರಸಾರ ಕೇಂದ್ರದಿಂದ ಆರಂಭಿಸದೆ ಗ್ರಾಹಕನ ಮನೆಯ ಬಾಕ್ಸ್‌ನಿಂದ ಆರಂಭಿಸುವುದು ವಿವೇಕಯುತವಾದುದು.