ದ್ವೀಪಕ್ಕೆ ಹೊರಡುವವರ ಹೆಸರು, ವಿಳಾಸ ಮತ್ತು ಉಪ್ಪಿನಕಾಯಿ

ಬ್ರಿಡ್ಜ್‌ಟೌನ್, ಕಿಂಗ್‌ಸ್ಟನ್, ಪೋರ್ಟ್ ಆಫ್ ಸ್ಪೇನ್ ಎಂಬ ಊರುಗಳು ರೇಡಿಯೊ ಕೇಳುವ ಮನೆಗಳಿಗೆ ಅಪರಿಚಿತವಲ್ಲ. ನಮ್ಮ ವಿಶ್ವನಾಥ್, ಪ್ರಸನ್ನ ಅವರಿದ್ದ ತಂಡ 1971ರಲ್ಲಿ ಅಲ್ಲಿ ಸರಣಿ ಗೆದ್ದಿತು. 2006ರಲ್ಲಿ ರಾಹುಲ್ ದ್ರಾವಿಡ್ ನಾಯಕರಾಗಿದ್ದಾಗ ಮತ್ತೊಮ್ಮೆ ಗೆದ್ದಿತು. 2024ರ ಜೂನ್ 29ರಂದು ಇಪ್ಪತ್ತು ಓವರುಗಳ ವಿಶ್ವಕಪ್ ನಮಗೆ ದೊರೆತದ್ದೂ ಬ್ರಿಡ್ಜ್‌ಟೌನಿನಲ್ಲೇ. ಆದರೆ ಆ ಊರುಗಳಿಗೆ ನಾವೇ ಪೆಟ್ಟಿಗೆ ಕಟ್ಟಿಕೊಂಡು ಹೊರಡುವ ಕಾಲ ಬಂದೀತೆಂದು ನಮ್ಮಲ್ಲಿ ಎಷ್ಟು ಮಂದಿ ಎಣಿಸಿದ್ದೆವು?

ಕಳೆದ ವರ್ಷ ವೈಟ್‌ಫೀಲ್ಡಿನಿಂದ ದಂಪತಿಗಳು ನನ್ನ ಮನೆಗೆ ಬಂದರು. ಗಂಡ, ನಾನು ಮೇಷ್ಟರಾದ ಮೊದಲ ವರ್ಷಗಳಲ್ಲಿ ನನ್ನ ಬಳಿ ಕನ್ನಡ ಕಲಿತವನು. ಅವರ ಮಗಳು ಬಾರ್ಬಡೋಸ್ ದ್ವೀಪದಲ್ಲಿ ವೈದ್ಯವಿದ್ಯೆ ಓದುತ್ತಿದ್ದಾಳೆ. ಆ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಬಿಳಿ ಕೋಟು ತೊಡಿಸುವ ಸಮಾರಂಭವಂತೆ. ಅದನ್ನು ಕಣ್ತುಂಬ ನೋಡಬೇಕೆಂದು ಹೊರಟಿದ್ದರು. ಕೈಯಲ್ಲಿ ಫೋನು ಹಿಡಿದು ಅವನು, "ಮೇಷ್ಟ್ರೆ, ನೀವು ಇಷ್ಟೆಲ್ಲ ಕಲಿಸಿದಿರಿ, ನನ್ನ ಹೆಸರನ್ನು ಎರಡು ತುಂಡು ಮಾಡುವುದು ಹೇಗೆಂದು ಮಾತ್ರ ಕಲಿಸಲಿಲ್ಲ" ಎಂದ. ಅವನ ತೊಡಕು ಅನೇಕ ಕನ್ನಡಿಗರ ತೊಡಕಾದುದರಿಂದ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ.

ಹಿಂದೆ ವಿಮಾನದಲ್ಲಿ ಗಗನಸಖಿ ಒಂದು ಚೀಟಿ ಕೊಡುತ್ತಿದ್ದಳು; ಪಕ್ಕದವರಿಂದ ಪೆನ್ನು ಬೇಡಿ ಅದನ್ನು ತುಂಬುತ್ತಿದ್ದೆವು. ಈಗ ಅನೇಕ ದೇಶಗಳು ಅದೇ ಚೀಟಿಯನ್ನು ಅಂತರಜಾಲಕ್ಕೆ ಏರಿಸಿವೆ. ಬಾರ್ಬಡೋಸ್, ಜಮೈಕಾ, ಅರೂಬಾ, ಡೊಮಿನಿಕನ್ ಗಣರಾಜ್ಯಗಳು ಹೀಗೆ ಮಾಡಿವೆ. ನಮ್ಮವರು ಹೆಚ್ಚಾಗಿ ಹೋಗುವ ಸಿಂಗಪುರ, ಮಲೇಷಿಯಾಗಳೂ, 2025ರ ಮೇ ತಿಂಗಳಿನಿಂದ ಥಾಯ್‌ಲೆಂಡೂ ಇದೇ ದಾರಿ ಹಿಡಿದಿವೆ. ಹೆಸರು, ಪಾಸ್‌ಪೋರ್ಟಿನ ವಿವರ, ವಿಮಾನದ ಸಂಖ್ಯೆ, ತಂಗುವ ವಿಳಾಸ, ಬಂದ ಉದ್ದೇಶ, ತಂದಿರುವ ವಸ್ತುಗಳು, ಇಷ್ಟನ್ನು ತುಂಬಿ ಕಳುಹಿಸಿದರೆ ಕಪ್ಪುಬಿಳುಪು ಚುಕ್ಕೆಗಳ ಒಂದು ಚೌಕವೋ ರಸೀದಿಯೋ ಬರುತ್ತದೆ. ಅದು ವೀಸಾ ಅಲ್ಲ, ಒಳಗೆ ಬಿಡುತ್ತೇವೆಂಬ ಭರವಸೆಯೂ ಅಲ್ಲ.

ದ್ವೀಪಕ್ಕೆ ಹೊರಟವರ ವಿವರ ಬರೆದುಕೊಳ್ಳುವ ಈ ಪದ್ಧತಿ ಹೊಸದೆಂದು ತಿಳಿಯಬೇಡಿ. 1845ರ ಮೇ 30ರಂದು 'ಫತೇಲ್ ರಜಾಕ್' ಎಂಬ ಹಡಗು ಕಲ್ಕತ್ತೆಯಿಂದ ಹೋಗಿ ಟ್ರಿನಿಡಾಡನ್ನು ಮುಟ್ಟಿತು. ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ ನಮ್ಮ ದೇಶದವರನ್ನು ಅಲ್ಲಿಗೆ ಒಯ್ದ ಮೊದಲ ಹಡಗು ಅದು. ಮುಂದೆ ಹೀಗೆ ಹೊರಟವರಿಗೆಲ್ಲ ಒಂದೊಂದು ವಲಸೆ ಚೀಟಿ. ಅದರಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಗ್ರಾಮ, ಮೈಮೇಲಿನ ಗುರುತು. ತಾವೇ ಓದಿ ನೋಡುವ ಅನುಕೂಲ ಅವರಲ್ಲಿ ಬಹುಮಂದಿಗೆ ಇರಲಿಲ್ಲ. ಗುಮಾಸ್ತನ ಕಿವಿಗೆ ಹೇಗೆ ಕೇಳಿತೋ ಹಾಗೆ ಹೆಸರು ಬಿತ್ತು. ತಾತನ ಒಂಟಿ ಹೆಸರು ಮೊಮ್ಮಕ್ಕಳಿಗೆ ಕುಲನಾಮವಾಯಿತು. ಇಂದು ಗುಮಾಸ್ತರು ನಾವೇ. ತಪ್ಪಿದರೆ ಬೈಯಲು ಬೇರೊಬ್ಬನಿಲ್ಲ!

ಈಗ ಹೆಸರಿನ ವಿಷಯ. ನಮ್ಮ ವ್ಯಾಕರಣ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸಿತೇ ಹೊರತು ಕುಲನಾಮಕ್ಕೆ ಪ್ರತ್ಯೇಕ ಮಣೆ ಹಾಕಲಿಲ್ಲ. ಹಳೆಯ ಮೈಸೂರಿನ ಕಡೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತನ್ನ ಹೆಸರು. ಅಷ್ಟಕ್ಕೆ ಮನುಷ್ಯನ ಪರಿಚಯ ಮುಗಿಯಿತು. ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರಿರುವುದರಿಂದ ಈ ಕಷ್ಟ ಅಷ್ಟಿಲ್ಲ. ನನ್ನ ಶಿಷ್ಯನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಬರಿದು. ಇಡೀ ಹೆಸರು ಕೆಳಗಿನ ಸಾಲಿನಲ್ಲಿತ್ತು. ಟಿಕೆಟ್ಟಿನಲ್ಲಾದರೋ ಯಾರೋ ಅವನ ಊರನ್ನೇ ಕುಲನಾಮ ಮಾಡಿದ್ದರು. ಅರ್ಜಿ ಮಾತ್ರ ಎರಡೂ ಜಾಗ ತುಂಬದೆ ಮುಂದಕ್ಕೆ ಸರಿಯದು.

ಇಲ್ಲಿ ಪಾಸ್‌ಪೋರ್ಟೇ ಪ್ರಮಾಣ. ಭಾವಚಿತ್ರವಿರುವ ಪುಟದ ಬುಡದಲ್ಲಿ ಎರಡು ಸಾಲು ಅಚ್ಚಾಗಿರುತ್ತದೆ. ಅಧಿಕಾರಿಯ ಯಂತ್ರ ಓದುವುದು ಅದನ್ನು. ಟಿಕೆಟ್ಟು, ಅರ್ಜಿ ಎರಡೂ ಅದಕ್ಕೆ ಹೊಂದಬೇಕು. ಕುಲನಾಮ ಬರಿದಾಗಿದ್ದರೆ ಏನು ಬರೆಯಬೇಕೆಂದು ಕೆಲವು ಅರ್ಜಿಗಳೇ ಸೂಚಿಸುತ್ತವೆ. ಸೂಚನೆ ಇಲ್ಲದಿದ್ದರೆ ಇದ್ದ ಹೆಸರನ್ನೇ ಎರಡೂ ಕಡೆ ಬರೆಯುವುದು ರೂಢಿ. ವಿಮಾನ ಸಂಸ್ಥೆಯನ್ನೂ ಒಮ್ಮೆ ಕೇಳಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಊರನ್ನೋ 'ಶ್ರೀಮತಿ'ಯನ್ನೋ ಸೇರಿಸಬೇಡಿ. ಮೇಲಿಂದ ಮೇಲೆ ಪ್ರಯಾಣ ಮಾಡುವವರು ಹೆಸರನ್ನು ಎರಡು ಭಾಗ ಮಾಡಿಸಿ ಪಾಸ್‌ಪೋರ್ಟನ್ನೇ ಮರುವಿತರಣೆ ಪಡೆಯುವುದು ಮೇಲು. ವೈಟ್‌ಫೀಲ್ಡಿನವರಿಗೆ ಮಾರತ್ತಹಳ್ಳಿಯ ಸೇವಾ ಕೇಂದ್ರ ದೂರವಲ್ಲ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನವು ಒಂಟಿ ಹೆಸರಿನ ಪ್ರವಾಸಿಗಳನ್ನು ಒಪ್ಪುವುದಿಲ್ಲವೆಂದಾಗ ಎಷ್ಟು ಗಾಬರಿಯಾಯಿತೆಂಬುದು ಅನೇಕರಿಗೆ ನೆನಪಿರಬಹುದು.

ಚಿಕ್ಕ ತಪ್ಪುಗಳೂ ಉಂಟು. ನಮ್ಮ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಮೊದಲನೆಯದು ಇಂಗ್ಲಿಷ್ ಅಕ್ಷರ, ಮುಂದಿನ ಏಳೂ ಅಂಕಿಗಳು. ಆದ್ದರಿಂದ ನಡುವೆ ಬರುವ ದುಂಡನೆಯದು ಸೊನ್ನೆಯೇ, 'ಓ' ಅಕ್ಷರವಲ್ಲ. 05/08 ಎಂದರೆ ನಮಗೆ ಆಗಸ್ಟ್ ಐದು, ಅಮೆರಿಕದ ಪದ್ಧತಿಯಲ್ಲಿ ಮೇ ಎಂಟು. ಅರ್ಜಿ ಯಾವ ಕ್ರಮ ಕೇಳಿದೆಯೆಂದು ನೋಡಿ ಬರೆಯಿರಿ. ಬೆಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು; ಹಳೆಯ ದಾಖಲೆಯಲ್ಲಿ ಹಳೆಯದೇ ಇದ್ದರೆ ಹಾಗೆಯೇ ನಕಲು ಮಾಡಿ, ತಿದ್ದಲು ಹೋಗಬೇಡಿ. (ತಿದ್ದುವ ಚಟ ನಮ್ಮಂಥ ಮೇಷ್ಟರಿಗೇ ಇರಲಿ.) ಅರೂಬಾದ ಅರ್ಜಿಯನ್ನು ಏಳು ದಿನದೊಳಗೆ, ಸಿಂಗಪುರದ್ದನ್ನು ಮೂರು ದಿನದೊಳಗೆ ತುಂಬಬೇಕು, ತಿಂಗಳ ಮೊದಲೇ ತುಂಬಲು ಹೋದವರಿಗೆ ಬಾಗಿಲು ತೆರೆಯದು. ದಿನ ಎಣಿಸುವಾಗ ಬಾರ್ಬಡೋಸಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ ಎಂಬುದು ನೆನಪಿರಲಿ.

ಈ ಎಲ್ಲವನ್ನೂ ನನ್ನ ಶಿಷ್ಯ ಸರಿಪಡಿಸಿಕೊಂಡ. ಆದರೆ ಕೆಟ್ಟದ್ದು ಬೇರೆಡೆ. ಬಾರ್ಬಡೋಸಿಗೆ ಕೆಲವು ದಿನಗಳ ಭೇಟಿಗೆ ಹೋಗುವ ಭಾರತೀಯರಿಗೆ ಮುಂಗಡ ವೀಸಾ ಬೇಕಿಲ್ಲ. ಹಾಗಾಗಿ ವೀಸಾದ ಚಿಂತೆಯೇ ಇಲ್ಲವೆಂದು ಅವರು ನಿಶ್ಚಿಂತರಾಗಿದ್ದರು. ದೇವನಹಳ್ಳಿಯಿಂದ ನೇರ ವಿಮಾನವಿಲ್ಲ. ಅವರ ಟಿಕೆಟ್ಟು ಲಂಡನ್ನಿನ ಹೀಥ್ರೋದಲ್ಲಿ ಇಳಿಸಿ ಗ್ಯಾಟ್ವಿಕ್ಕಿನಲ್ಲಿ ಹತ್ತಿಸುವಂಥದು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬ್ರಿಟನ್ನಿನ ನೆಲಕ್ಕೆ ಕಾಲಿಡಬೇಕು, ಅದಕ್ಕೆ ವೀಸಾ ಬೇಕು. ನಿಲ್ದಾಣದೊಳಗೇ ವಿಮಾನ ಬದಲಿಸಿದರೂ, ಅಮೆರಿಕ, ಕೆನಡಾ ಮುಂತಾದ ಕೆಲವು ದೇಶಗಳ ವೀಸಾ ಉಳ್ಳವರಿಗೆ ಇರುವಂಥ ವಿನಾಯಿತಿ ಇಲ್ಲದಿದ್ದರೆ, ಭಾರತೀಯರಿಗೆ ದಾಟುವೀಸಾ ಬೇಕು. ಅಮೆರಿಕದ ಮೂಲಕ ಹೋದರೆ ಬರೀ ದಾಟುವುದಕ್ಕೂ ವೀಸಾ ತಪ್ಪದು. ಇದು ಅವರಿಗೆ ತಿಳಿಯುವ ಹೊತ್ತಿಗೆ ಉಳಿದದ್ದು ಒಂಬತ್ತು ದಿನ. ಸಮಾರಂಭ ನಡೆದುಹೋಯಿತು, ಮಗಳು ಕೋಟು ತೊಟ್ಟದ್ದನ್ನು ತಾಯಿ ವೈಟ್‌ಫೀಲ್ಡಿನ ನಡುಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದಳು. ಎಂದಮೇಲೆ, ಮೊದಲು ದಾರಿಯನ್ನು ನೋಡಿ, ಆಮೇಲೆ ಟಿಕೆಟ್ಟು, ಅರ್ಜಿ ಕಡೆಗೆ.

ಟ್ರಿನಿಡಾಡಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಮರೆಯಬಾರದು. ಆ ದ್ವೀಪ ನಮ್ಮ ಸರ್ಕಾರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನದೊಳಗೆ ಪ್ರಮಾಣಪತ್ರವಿಲ್ಲದೆ ಇಲ್ಲಿಗೆ ಮರಳಿದರೆ ಪ್ರತ್ಯೇಕ ಇರಿಸುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಪತ್ರಕ್ಕೆ ಬೆಲೆ. 2016ರಿಂದ ಅದು ಜೀವಮಾನಕ್ಕೆಲ್ಲ ಸಲ್ಲುತ್ತದೆ.

ಅರ್ಜಿ ತುಂಬುವ ತಾಣದ ವಿಷಯದಲ್ಲೂ ಎಚ್ಚರ ಬೇಕು. ಬಾರ್ಬಡೋಸ್, ಡೊಮಿನಿಕನ್ ಗಣರಾಜ್ಯಗಳ ಅರ್ಜಿಗೆ ಶುಲ್ಕವಿಲ್ಲ. ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವ ಕೆಲವು ತಾಣಗಳು ಸರ್ಕಾರದ ವೇಷ ತೊಟ್ಟು ಹಣ ಕೇಳುತ್ತವೆ. ಬಾರ್ಬಡೋಸ್ ಸರ್ಕಾರದ ತಾಣದ ವಿಳಾಸ 'ಗವ್ ಡಾಟ್ ಬಿಬಿ' ಎಂದು ಮುಗಿಯುತ್ತದೆ. ಬಂದ ರಸೀದಿಯನ್ನು ಕಾಗದದ ಮೇಲೂ ಅಚ್ಚು ಹಾಕಿಸಿಕೊಳ್ಳಿ. ಅಷ್ಟು ದೂರದ ಪ್ರಯಾಣದಲ್ಲಿ ಫೋನಿಗೂ ಸುಸ್ತಾಗುತ್ತದೆ.

ಕೊನೆಯ ಪ್ರಶ್ನೆ ಸುಂಕದವರದು: ಆಹಾರ, ಗಿಡ, ಬೀಜ ತಂದಿದ್ದೀರಾ? ನಮ್ಮ ತಾಯಂದಿರು 'ಇಲ್ಲ' ಎಂದು ಒತ್ತಿ ಪೆಟ್ಟಿಗೆಯ ತಳದಲ್ಲಿ ಕರಿಬೇವು ಇಟ್ಟಿರುತ್ತಾರೆ. ಹೊರಗಿನ ಹುಳು, ಸಸ್ಯರೋಗ ತಮ್ಮ ಬೆಳೆಗೆ ತಗುಲೀತೆಂದು ದ್ವೀಪದವರಿಗೆ ಭಯ. ಆ ಭಯ ನ್ಯಾಯವಾದದ್ದೇ. ಹಸಿ ಸೊಪ್ಪು, ಬೀಜ, ಮಣ್ಣಂಟಿದ ಬೇರು ಬಿಟ್ಟುಬಿಡಿ. ಬೇರೆ ತಿನಿಸಿದ್ದರೆ 'ಹೌದು' ಎಂದು ಬರೆದು ತೋರಿಸಿಬಿಡಿ. ನನ್ನ ಶಿಷ್ಯನ ಹೆಂಡತಿ ತಿಂಗಳ ಮೇಲೆ, ಸರಿಯಾದ ವೀಸಾದೊಡನೆ ಹೊರಟಾಗ ಹಾಗೆಯೇ ಬರೆದಳು. ಅಧಿಕಾರಿ ಮುಚ್ಚಳ ತೆರೆಸಿ ನೋಡಿದನಂತೆ. ಚಟ್ನಿಪುಡಿಯನ್ನೂ ಮಾವಿನ ಉಪ್ಪಿನಕಾಯಿಯನ್ನೂ ಬಿಟ್ಟ. ಒಣ ಕರಿಬೇವನ್ನು ಮಾತ್ರ ತೆಗೆದಿಟ್ಟುಕೊಂಡನಂತೆ.