ತೆಂಗಿನ ತೋಟದಲ್ಲೊಂದು ವರ್ಗಮೂಲ

ಬದುಕಿನ ವ್ಯವಹಾರಗಳ ಮೂಲಕ ಗಣಿತ ಕಲಿಸಬೇಕೆಂಬ ವಿಚಾರ ಕನ್ನಡ ನಾಡಿಗೆ ಹೊಸದೇನಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹಣ್ಣಿನ ಬೆಲೆ, ಸಾಲದ ಬಡ್ಡಿ, ಚಿನ್ನದ ಬೆರಕೆಗಳೇ ಲೆಕ್ಕಗಳಾಗಿ ಬರುತ್ತವೆ; 12ನೆಯ ಶತಮಾನದ ರಾಜಾದಿತ್ಯನಂತೂ ತನ್ನ ಕನ್ನಡ ಗ್ರಂಥವೊಂದಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು.

ತೆಂಗು, ಅಡಿಕೆಗಳ ಸೀಮೆಯಾದ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಂತಹ ಊರಿನಲ್ಲಿ ಇಂತಹ ಲೆಕ್ಕಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂತಹ 40 ಗುಂಟೆ ಸೇರಿದರೆ 43,560 ಚದರಡಿಯ ಒಂದು ಎಕರೆ. ತೆಂಗಿನ ಸಸಿಗಳನ್ನು 30 ಅಡಿಗೊಂದರಂತೆ ಚೌಕವಾಗಿ ನೆಟ್ಟರೆ ಒಂದು ಗಿಡಕ್ಕೆ 900 ಚದರಡಿ ಬೇಕಾಗುವುದರಿಂದ ಎಕರೆಗೆ ಸುಮಾರು 48 ಗಿಡ ಹಿಡಿಯುತ್ತವೆ. ಪಕ್ಕಪಕ್ಕದ ಮೂರು ಗಿಡಗಳು ಸಮಬಾಹು ತ್ರಿಭುಜವಾಗುವಂತೆ, ಎಂದರೆ ಮೂರು ಬದಿಗಳೂ ಸಮನಾಗಿರುವಂತೆ ನೆಟ್ಟರೆ ಗಿಡದಿಂದ ಗಿಡಕ್ಕಿರುವ 30 ಅಡಿ ಅಂತರ ಹಾಗೆಯೇ ಉಳಿದು ಸಾಲಿನಿಂದ ಸಾಲಿಗೆ ಮಾತ್ರ ಸುಮಾರು 26 ಅಡಿಯಾಗುತ್ತದೆ. ಈ 26 ಎಂಬುದು ಪೈಥಾಗೊರಸನ ಪ್ರಮೇಯದಂತೆ 30ರ ಅರ್ಧವಾದ 15ನ್ನು ಮೂರರ ವರ್ಗಮೂಲವಾದ 1.732ರಿಂದ ಗುಣಿಸಿದಾಗ ದೊರೆಯುವ ಅಳತೆ. ಅಂಚಿನ ಜಾಗದ ವ್ಯತ್ಯಾಸ ಬಿಟ್ಟರೆ ಅದೇ ಎಕರೆಯಲ್ಲಿ ಆಗ 55–56 ಗಿಡಗಳು ಕೂರುತ್ತವೆ. ಪೈಥಾಗೊರಸನ ಪ್ರಮೇಯದಿಂದ ಏನು ಪ್ರಯೋಜನವೆಂದು ಕೇಳುವ ರೈತನ ಮಗಳಿಗೆ ಏಳೆಂಟು ತೆಂಗಿನ ಮರಗಳೆಂಬ ಉತ್ತರ ಸಾಕಾದೀತು.

ಬಡ್ಡಿಯ ಪಾಠಕ್ಕೆ ಇನ್ನೂ ಹರಿತವಾದ ಉದಾಹರಣೆಯಿದೆ. ಹಳ್ಳಿಯ ಕೈಸಾಲದ ಮಾತಿನಲ್ಲಿ ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಪಠ್ಯಪುಸ್ತಕದ ವಾರ್ಷಿಕ ದರದಲ್ಲಿ ಅದು ಶೇಕಡಾ 36. ಈ ಎರಡು ಭಾಷೆಗಳ ನಡುವಿನ ಅಂತರವನ್ನು ತರಗತಿಯಲ್ಲಿ ಬಿಡಿಸಿ ತೋರಿಸಿದರೆ ಮನೆಯವರ ಸಾಲದ ಪತ್ರವೂ ಮಕ್ಕಳಿಗೆ ಅರ್ಥವಾಗುತ್ತದೆ.

ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು: ಮಾರುವ ಜಾಗದಲ್ಲೇ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟನ್ನು ಸರಿಯಾಗಿ ಹೇಳಿದ ಆ ಮಕ್ಕಳು, ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳ ರೂಪದಲ್ಲಿ ಕೊಟ್ಟಾಗ ಶೇಕಡಾ 37ರಷ್ಟನ್ನು ಮಾತ್ರ ಬಿಡಿಸಿದರು. ಕೊರತೆ ಬುದ್ಧಿಯದಲ್ಲ, ಕೊಂಡಿಯದು.

ಆದರೆ ಒಬ್ಬನೇ ಅರವತ್ತು ಕಲ್ಲಂಗಡಿ ಕೊಂಡನೆಂಬಂತಹ, ಯಾರಿಗೂ ಉತ್ತರ ಬೇಕಿಲ್ಲದ ಲೆಕ್ಕಗಳು ನಿಜಜೀವನದ ವೇಷ ತೊಟ್ಟ ಮಾತ್ರಕ್ಕೆ ಆಸಕ್ತಿ ಹುಟ್ಟಿಸಲಾರವು. ತೋಟದಲ್ಲಿಯೇ ನಿಂತುಬಿಡುವುದೂ ಅರ್ಧ ಕೆಲಸವೇ; ಸಸಿಗಳ ನಡುವೆ ಸಿಕ್ಕ 1.732 ಜೇನುಗೂಡಿನ ಕೋಣೆಗಳಲ್ಲಿಯೂ ಅಡಗಿದೆಯೆಂದು ಕಂಡುಕೊಂಡ ವಿದ್ಯಾರ್ಥಿ ಮಾತ್ರ ಲೆಕ್ಕದಿಂದ ಗಣಿತಕ್ಕೆ ದಾಟುತ್ತಾನೆ. ಸಸಿಗಳ ಈ ತ್ರಿಭುಜದ ಲೆಕ್ಕವನ್ನು ಶಾಲೆಯ ಅಂಗಳದಲ್ಲಿ ಮಾಡಿ ನೋಡಲು ಮೂರು ಗೂಟ, ಒಂದು ಹಗ್ಗ ಮತ್ತು ಒಂದು ಅಳತೆ ಟೇಪು ಸಾಕು.